ಬಂದೂಕು ಕೆಳಗಿಟ್ಟ ಮಗುವಿಗೆ ಮನೆಯ ಬಾಗಿಲು ತೆರೆಯಲಿ



ನಾಯಕರು ಒಪ್ಪಂದಕ್ಕೆ ಸಹಿ ಹಾಕಿದ ದಿನ ಯುದ್ಧ ಎಲ್ಲರ ಪಾಲಿಗೂ ಮುಗಿಯುವುದಿಲ್ಲ. ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ನಮಗೆ ಇದನ್ನು ತೋರಿಸಿಕೊಟ್ಟಿದೆ. ಮುಸ್ಲಿಮರು ಬಹುಸಂಖ್ಯಾತರಾಗಿರುವ, ಕ್ರೈಸ್ತರೂ ಅವರೊಡನೆ ಸೌಹಾರ್ದದಿಂದ ಬಾಳುವ ನಾಡು ಅದು. 1991ರಿಂದ 2002ರವರೆಗೆ ಅಲ್ಲಿ ನಡೆದ ಅಂತರ್ಯುದ್ಧದಲ್ಲಿ ಬಂಡುಕೋರರೂ ಸರಕಾರದ ಪರವಾಗಿದ್ದ ಪಡೆಗಳೂ ಮಕ್ಕಳನ್ನು ಬಳಸಿಕೊಂಡವು. ಅನೇಕ ಮಕ್ಕಳನ್ನು ಅಪಹರಿಸಿ, ಮಾದಕ ದ್ರವ್ಯ ನೀಡಿ, ಕೆಲವೊಮ್ಮೆ ಸ್ವಂತ ಊರಿನವರ ಮೇಲೆಯೇ ದಾಳಿ ಮಾಡಿಸಲಾಯಿತು. ಹಾಗೆ ಮಾಡಿದ ಮಗುವಿಗೆ ಮರಳಿ ಹೋಗಲು ಊರೆಂಬುದೇ ಉಳಿಯುತ್ತಿರಲಿಲ್ಲ.

ಶಸ್ತ್ರತ್ಯಾಗದ ಕಾರ್ಯಕ್ರಮದ ಮೂಲಕ ಹೊರಬಂದ ಮಕ್ಕಳ ಸಂಖ್ಯೆ ಸುಮಾರು 6,800. ಅವರನ್ನು ಮೊದಲು ಆರೈಕೆ ಕೇಂದ್ರಗಳಲ್ಲಿ ಇರಿಸಿ, ಹೆತ್ತವರನ್ನೋ ಬಂಧುಗಳನ್ನೋ ಹುಡುಕಿ ಮನೆಗೆ ಕಳುಹಿಸಲಾಯಿತು. ಹೆಚ್ಚಿನವರು ಕುಟುಂಬವನ್ನು ಸೇರಿದರು. ಆದರೆ ಕುಟುಂಬ ಒಪ್ಪಿದರೆ ಸಾಲದು, ಊರೂ ಒಪ್ಪಬೇಕು. ಅದಕ್ಕಾಗಿ ಗ್ರಾಮದ ಹಿರಿಯರೂ ಧರ್ಮಗುರುಗಳೂ ಜನರೊಡನೆ ಮಾತನಾಡಿದರು. ಇಂತಹ ಮಕ್ಕಳನ್ನು ಸೇರಿಸಿಕೊಂಡ ಶಾಲೆಗಳಿಗೆ ಯುನಿಸೆಫ್ ನೆರವಿನ ಯೋಜನೆಯಡಿ ಕಲಿಕೆಯ ಸಾಮಗ್ರಿಗಳು ದೊರೆತವು. ಅವು ಒಬ್ಬ ವಿದ್ಯಾರ್ಥಿಗಲ್ಲ, ಇಡೀ ಶಾಲೆಗೆ ಸಂದವು. ನಿನ್ನೆಯ ಸೈನಿಕ ಬಾಲಕ ಇತರ ಮಕ್ಕಳ ಪಾಲಿಗೆ ಹೊರೆಯಾಗಲಿಲ್ಲ, ಸಹಾಯ ಬರಲು ಕಾರಣನಾದ. ಈ ವಿವೇಕ ಮೆಚ್ಚತಕ್ಕದ್ದು.

ಆದರೆ ಹೆಣ್ಣುಮಕ್ಕಳೆಲ್ಲಿ? ಆ ಮಕ್ಕಳಲ್ಲಿ ಹುಡುಗಿಯರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ. ಅಡುಗೆಗೆ, ಹೊರೆ ಹೊರಲು, ಬಲವಂತದ ‘ಪತ್ನಿ’ಯರನ್ನಾಗಿಸಲು ಒಯ್ಯಲ್ಪಟ್ಟ ಅನೇಕರ ಬಳಿ ಒಪ್ಪಿಸಲು ಬಂದೂಕೇ ಇರಲಿಲ್ಲ. ಕೆಲವರು ಮಾನಕ್ಕೆ ಅಂಜಿ ಮುಂದೆ ಬರಲಿಲ್ಲ. ಮಗುವನ್ನೆತ್ತಿಕೊಂಡು ಮರಳಿದವರನ್ನು ಸಮಾಜ ನಿಂದಿಸಿತು. ದೌರ್ಜನ್ಯಕ್ಕೊಳಗಾದವಳನ್ನೇ ಅಪರಾಧಿಯೆಂದು ಕಾಣುವ ಈ ರೋಗ ಆಫ್ರಿಕಕ್ಕೆ ಮಾತ್ರ ಸೀಮಿತವೆಂದು ನಾವು ಎದೆಮುಟ್ಟಿ ಹೇಳಬಲ್ಲೆವೇ?

ಕೈಕಾಲು ಕಳೆದುಕೊಂಡ ಸಂತ್ರಸ್ತರು, “ಕೊಂದವರಿಗೆ ತರಬೇತಿ, ನಮಗೇನು?” ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದುದು. ಮಗುವಿನ ಮೇಲಿನ ಕರುಣೆ ಸಂತ್ರಸ್ತರ ಹಕ್ಕನ್ನು ನುಂಗಬಾರದು. ಆದರೆ ಶಿಕ್ಷೆ ಯಾರಿಗೆ ಸಲ್ಲಬೇಕು? ಅಲ್ಲಿನ ವಿಶೇಷ ನ್ಯಾಯಾಲಯದ ಅಭಿಯೋಜಕರು ಮಕ್ಕಳ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂದು 2002ರಲ್ಲಿಯೇ ಸಾರಿದರು. ಮಕ್ಕಳನ್ನು ಸೈನಿಕರನ್ನಾಗಿಸಿದ ಅಪರಾಧವೂ ಸೇರಿದಂತೆ ಹಲವು ಆರೋಪಗಳಲ್ಲಿ 2007ರಲ್ಲಿ ಮೂವರು ಸೇನಾನಾಯಕರು ತಪ್ಪಿತಸ್ಥರೆಂದು ತೀರ್ಪಾಯಿತು. ಲೈಬೀರಿಯದ ಮಾಜಿ ಅಧ್ಯಕ್ಷ ಚಾರ್ಲ್ಸ್ ಟೇಲರ್‌ಗೆ 2012ರಲ್ಲಿ 50 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಬಂದೂಕು ಕೊಟ್ಟ ಕೈಗೆ ಶಿಕ್ಷೆ, ಬಂದೂಕು ಹಿಡಿದ ಪುಟ್ಟ ಕೈಗೆ ಪುಸ್ತಕ, ಗಾಯಗೊಂಡವರಿಗೆ ಪರಿಹಾರ – ಈ ಮೂರೂ ಒಟ್ಟಿಗೆ ನಡೆಯಬೇಕು. ಒಂದು ತಪ್ಪಿದರೂ ಶಾಂತಿ ಕಾಗದದ ಮೇಲೆಯೇ ಉಳಿಯುತ್ತದೆ. ಶಸ್ತ್ರವನ್ನು ಸರಕಾರ ಕಸಿದುಕೊಳ್ಳಬಹುದು, ಆದರೆ ಆ ಮಗುವನ್ನು ‘ನಮ್ಮವನು’, ‘ನಮ್ಮವಳು’ ಎಂದು ಕರೆಯಬೇಕಾದವರು ನೆರೆಹೊರೆಯವರೇ.