ಸೇತುವೆ ಬೇಡ ಅಂದೋರು ಯಾರು?

ಹಳೆಯ ಊರುಗಳಲ್ಲಿ ಹೊಸ ಕಾಲದ ನಿರ್ಮಾಣ ಎಷ್ಟು ಸರಿ ಅಂತ ಮೊನ್ನೆ ರಾತ್ರಿ ಇಲ್ಲೇ ಚರ್ಚೆ ಮಾಡಿದ್ವಿ. ಮುಗೀತಿದ್ದಂತೆ ಕುರುಗೋಡಿನಿಂದ ಹಿರಿಯರೊಬ್ಬರ ಫೋನ್. "ಎಲ್ಲಾ ಮಾತಾಡಿದ್ರಿ ಸರ್, ಆನೆಗುಂದಿ ಸೇತುವೆ ಮರೆತ್ರಿ. ಆ ಕಲ್ಲುಗಳಿಗಿಂತ ನಮ್ಮ ಜೀವ ಅಗ್ಗ ಏನ್ರೀ?" ಅದೇ ಹೊತ್ತಿಗೆ ಸಿರುಗುಪ್ಪದ ಮೇಷ್ಟ್ರೊಬ್ಬರ ಮೆಸೇಜು: "ಹಂಪಿಯಲ್ಲೂ ಕಾಂಕ್ರೀಟೇ ಕಂಡರೆ ಮಕ್ಕಳಿಗೆ ಇನ್ನೇನು ತೋರಿಸಲಿ?"

ಇಬ್ಬರೂ ಬಳ್ಳಾರಿ ಜಿಲ್ಲೆಯವರೇ. ಇಬ್ಬರ ಮಾತೂ ತಳ್ಳಿ ಹಾಕೋ ಹಾಗಿಲ್ಲ.

ಹಂಪಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ದು 1986ರಲ್ಲಿ. ಆಗ ಅದು ಬಳ್ಳಾರಿ ಜಿಲ್ಲೆಯದೇ. ಮುಂದೆ ತಳವಾರಘಟ್ಟದಿಂದ ಆನೆಗುಂದಿಗೆ ತುಂಗಭದ್ರೆಯ ಮೇಲೆ ಸೇತುವೆ ಏಳತೊಡಗಿತು. ಕೇಬಲ್ಲಿಗೆ ತೂಗುವ, ವಾಹನ ಓಡಾಡುವ ಸೇತುವೆ. ಅದಕ್ಕಾಗಿ ಹಳೆಯ ಮಂಟಪವೊಂದನ್ನೂ ಕಳಚಿ ಬೇರೆ ಕಡೆ ಸಾಗಿಸಿದರು. ವಿರೂಪಾಪುರಗಡ್ಡೆಗೆ ಇನ್ನೊಂದು ಕಾಲುಸೇತುವೆ. 1999ರಲ್ಲಿ ಯುನೆಸ್ಕೊ ಹಂಪಿಯನ್ನ ಅಪಾಯದ ಪಟ್ಟಿಗೆ ಹಾಕಿತು. ಕಾಲುಸೇತುವೆ ತೆಗೆದರು. ದೊಡ್ಡದು ಅರ್ಧಕ್ಕೆ ನಿಂತಿತು.

ಬೇಡ ಅಂದ ವಿದ್ವಾಂಸರು ತಪ್ಪು ಹೇಳಲಿಲ್ಲ. ಆದರೆ ಅವರ್ಯಾರೂ ಮಳೆಗಾಲದಲ್ಲಿ ಬಸುರಿ ಹೆಂಗಸನ್ನ ಹರಿಗೋಲಲ್ಲಿ ಕೂರಿಸಿಕೊಂಡು ಆ ಹೊಳೆ ದಾಟಬೇಕಾದವರಲ್ಲ. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ಆ ಸುದ್ದಿಯನ್ನ ಸಂಭ್ರಮದಿಂದ ಓದಿದವರಲ್ಲಿ ನಾನೂ ಒಬ್ಬ. ಆನೆಗುಂದಿಯವರು ಈಗ ಹೇಗೆ ದಾಟ್ತಾರೆ ಅಂತ ಅವತ್ತು ನಾನು ಕೇಳಲಿಲ್ಲ. ಕೇಳಬೇಕಿತ್ತು.

2009ರ ಜನವರಿ 22. ಮತ್ತೆ ಕೆಲಸ ನಡೆಯುತ್ತಿದ್ದ ಆ ಸೇತುವೆ ಕುಸಿದು ಹೊಳೆಗೆ ಬಿತ್ತು. ಕೂಲಿಗೆ ಬಂದಿದ್ದ ಕಾರ್ಮಿಕರು ಸತ್ತರು. ಬೇಕು ಅನ್ನೋರಿಗೂ ಅಲ್ಲ, ಬೇಡ ಅನ್ನೋರಿಗೂ ಅಲ್ಲ, ಪೆಟ್ಟು ಬಿದ್ದಿದ್ದು ಅವರಿಗೆ.

ಪ್ಯಾರಿಸ್‌ನಲ್ಲೂ ಇಂಥದ್ದೇ ಜಗಳ ಆಗಿತ್ತು. ಲೂವ್ರ್ ಅರಮನೆಯ ಅಂಗಳದಲ್ಲಿ ಗಾಜಿನ ಪಿರಮಿಡ್ ಕಟ್ತೀವಿ ಅಂದಾಗ ಊರೇ ಉರಿದೆದ್ದಿತು. ವಾಸ್ತುಶಿಲ್ಪಿ ಐ.ಎಂ. ಪೈ ಹೊರದೇಶದವರು ಅನ್ನೋದೂ ಒಂದು ಸಿಟ್ಟು. ಆಗ ಏನು ಮಾಡಿದರು ಗೊತ್ತಾ? 1985ರಲ್ಲಿ ಅದೇ ಅಂಗಳದಲ್ಲಿ, ಅದೇ ಎತ್ತರಕ್ಕೆ, ಬರೀ ಕೇಬಲ್ ಎಳೆದು ಪಿರಮಿಡ್ಡಿನ ಆಕಾರ ನಿಲ್ಲಿಸಿದರು. ಬನ್ನಿ, ಕಣ್ಣಾರೆ ನೋಡಿ, ಆಮೇಲೆ ಬೈಯಿರಿ ಅಂತ! ಸಾವಿರಾರು ಜನ ಬಂದು ನೋಡಿದರು. 1989ರಲ್ಲಿ ಪಿರಮಿಡ್ ತೆರೆಯಿತು. ಈಗ ಪ್ಯಾರಿಸ್‌ಗೆ ಹೋದವರೆಲ್ಲ ಅದರ ಮುಂದೆ ಫೋಟೊ ತೆಗೆಸಿಕೊಳ್ತಾರೆ.

ತಳವಾರಘಟ್ಟದಲ್ಲೂ ಮೊದಲ ಕಂಬ ಏಳೋ ಮುಂಚೆ ಹೊಳೆಯ ಎರಡೂ ದಡದಲ್ಲಿ ನಾಲ್ಕು ಬೊಂಬು ನೆಟ್ಟು, ಹಗ್ಗ ಎಳೆದು, ಇಷ್ಟೆತ್ತರ ಬರುತ್ತೆ ನೋಡ್ರಪ್ಪಾ ಅನ್ನೋಕೆ ಎಷ್ಟು ಖರ್ಚಾಗ್ತಿತ್ತು ಸ್ವಾಮಿ? ಅಲ್ಲಿಂದ ಸ್ವಲ್ಪ ದೂರದಲ್ಲಿ, ಬುಕ್ಕಸಾಗರದಿಂದ ಕಡೆಬಾಗಿಲಿಗೆ ಆಮೇಲೆ ಸೇತುವೆ ಆಯಿತಲ್ಲ! ಬೇರೆ ಜಾಗ ಇತ್ತು ಅನ್ನೋದು ಅಷ್ಟು ಜೀವ ಹೋದಮೇಲೆ ಹೊಳೆಯಬೇಕಾ?

ಇದನ್ನೇ ಆ ಹಿರಿಯರಿಗೂ ಹೇಳಿದೆ. ಹೂಂ ಅಂದರು, ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಅವರ ಮಗಳನ್ನ ಕೊಟ್ಟಿರೋದು ಗಂಗಾವತಿಗಂತೆ. ಹೋಗೋದು ಕಂಪ್ಲಿ ಸೇತುವೆ ಮೇಲೆ. ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಅದು ಮುಳುಗುತ್ತೆ. "ಈ ಸಲ ನೀರು ಬಿಡೋ ಮುಂಚೇನೆ ನಿಮ್ಮ ಟೀವಿಯಾಗ ಹಾಕ್ರಿ ಸರ್, ಅರ್ಧ ದಾರಿಗೆ ಹೋಗಿ ವಾಪಸ್ ಬರೋದು ತಪ್ಪುತ್ತೆ" ಅಂದರು.

ಹಾಕ್ತೀವಿ ಅಂದಿದ್ದೀನಿ.