ಸುದ್ದಿ ಮುಟ್ಟಿಸುವ ಹೊಣೆ ಯಾರದು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಿಂದ ಬಂದು ಇಂದು ಪದವಿ ಪಡೆಯುತ್ತಿರುವ ಯುವಜನರೇ, ಅವರ ತಂದೆ ತಾಯಂದಿರೇ, ಅಧ್ಯಾಪಕರೇ,

2017ರ ಮಾರ್ಚ್ 9ರಂದು ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯೊಳಗೆ ಒಂದು ಇ-ಮೇಲ್ ಹೊರಟಿತು. ಜನರ ಸಾಲದ ಚರಿತ್ರೆ ದಾಖಲಿಸಿಡುವ ಕಂಪನಿ ಅದು. ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದಲ್ಲಿ ಗಂಭೀರ ದೋಷವಿದೆ, 48 ಗಂಟೆಯೊಳಗೆ ಸರಿಪಡಿಸಿ ಎಂಬುದು ಅದರ ಸಾರ. 400ಕ್ಕೂ ಹೆಚ್ಚು ಮಂದಿಗೆ ಅದು ತಲುಪಿತು. ಆದರೆ ವಿಳಾಸಗಳ ಪಟ್ಟಿ ಹಳೆಯದಾಗಿತ್ತು. ದೋಷ ಸರಿಪಡಿಸುವ ಪ್ಯಾಚ್ ಹಾಕಬೇಕಾದವರ ಹೆಸರೇ ಅದರಲ್ಲಿರಲಿಲ್ಲ. ಮೇ ತಿಂಗಳಲ್ಲಿ ನುಗ್ಗಿದ ಕಳ್ಳರು ಜುಲೈ ಕೊನೆಯವರೆಗೂ ಒಳಗೇ ಇದ್ದರು. ಸುಮಾರು 14.7 ಕೋಟಿ ಜನರ ಮಾಹಿತಿ ಕಳುವಾಯಿತು.

ಕಂಪನಿಯ ಮುಖ್ಯಸ್ಥರಾಗಿದ್ದ ರಿಚರ್ಡ್ ಸ್ಮಿತ್ ಅಮೆರಿಕದ ಸಂಸತ್ತಿನ ಮುಂದೆ ನಿಂತು, ಒಬ್ಬ ನೌಕರ ಸುದ್ದಿ ಮುಟ್ಟಿಸದಿದ್ದುದೂ ಒಂದು ಕಾರಣ ಎಂದರು. ಈ ವಾದ ಒಪ್ಪತಕ್ಕದ್ದಲ್ಲ. ಅಷ್ಟು ಜನರ ಬದುಕಿನ ವಿವರಗಳನ್ನು ಒಬ್ಬ ವ್ಯಕ್ತಿಯ ನೆನಪಿಗೆ ಬಿಟ್ಟದ್ದೇ ಸಂಸ್ಥೆಯ ತಪ್ಪು.

ಅದೇ ವರ್ಷ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ ನಡೆಸಿದ ದಾಳಿಯ ಕಥೆಯೂ ಅಂಥದ್ದೇ. ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಪ್ಯಾಚ್ ಕೊಟ್ಟಿತ್ತು. ಮೇ 12ರಂದು ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳು ಸ್ತಬ್ಧವಾದವು, ಪಕ್ಕದ ಆಂಧ್ರದ ಪೊಲೀಸ್ ಠಾಣೆಗಳಿಗೂ ಬಿಸಿ ತಟ್ಟಿತು.

ಭಾರತದಲ್ಲಿ ಇಂಥ ಎಚ್ಚರಿಕೆ ಕೊಡುವ ಕೆಲಸವನ್ನು ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಮು ಸರ್ಟ್-ಇನ್ ಸಂಸ್ಥೆಗೆ ವಹಿಸಿದೆ. ದಾಳಿಯಾದರೆ 6 ಗಂಟೆಯೊಳಗೆ ತನಗೆ ವರದಿ ಮಾಡಬೇಕೆಂದು ಅದು 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ವೈಯಕ್ತಿಕ ಮಾಹಿತಿ ಸೋರಿದರೆ ಸಂಬಂಧಪಟ್ಟವರಿಗೆ ತಿಳಿಸಬೇಕೆಂದು 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹೇಳುತ್ತದೆ. ಇವೆರಡೂ ಅನಾಹುತ ನಡೆದ ನಂತರದ ಮಾತು. ಅದಕ್ಕೂ ಮುನ್ನ ಹಳ್ಳಿಯ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಹೇಳುವವರು ಯಾರು?

ಗ್ರಾಮ ಒನ್ ಕೇಂದ್ರವೊಂದನ್ನು ನೋಡಿ. ಪಹಣಿಗೆ ಬಂದ ರೈತರು ಸಾಲುಗಟ್ಟಿ ನಿಂತಿರುತ್ತಾರೆ. ತಂಬಾಕು ಹರಾಜಿನ ಹಣ ಜಮೆಯಾಗುವ ಬ್ಯಾಂಕ್ ಖಾತೆ, ಆಧಾರ್, ಬೆರಳಚ್ಚು ಎಲ್ಲವೂ ಇಂಥ ಕೌಂಟರುಗಳ ಮೂಲಕ ಹಾದು ಹೋಗುತ್ತವೆ. ಪರದೆಯ ಮೂಲೆಯಲ್ಲಿ ಅಪ್‌ಡೇಟ್ ಮಾಡಿ ಎಂದು ಇಂಗ್ಲಿಷಿನಲ್ಲೊಂದು ಸಂದೇಶ ಮೂಡುತ್ತದೆ. ಹೊರಗೆ ಕಾಯುತ್ತಿರುವವರಿಗೆ ಕೊನೆಯ ಬಸ್ಸು ತಪ್ಪಬಾರದು, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಆಪರೇಟರು 'ಆಮೇಲೆ' ಎಂಬುದನ್ನು ಒತ್ತಿ ಪ್ರಿಂಟ್ ತೆಗೆಯುತ್ತಾರೆ. ಅವರನ್ನು ದೂರುವುದು ಅನ್ಯಾಯ. ಉದಾಹರಣೆಗೆ, ಮೈಕ್ರೋಸಾಫ್ಟಿನ ವಿಸ್ತರಣಾ ಯೋಜನೆಗೆ ಸೇರದವರಿಗೆ ವಿಂಡೋಸ್ 10ರ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೇ ನಿಂತಿತು. ಇದನ್ನು ಕನ್ನಡದಲ್ಲಿ, ಅರ್ಥವಾಗುವಂತೆ, ಫೋನು ಮಾಡಿ ಹೇಳಬೇಕಾದವರು ಬೇರೆ ಇದ್ದಾರೆ.

ಮೊದಲ ಹೊಣೆ ತಂತ್ರಾಂಶ ಮಾಡಿದವರದು. ಸಾವಿರಾರು ಕೌಂಟರುಗಳಿಗೆ ಅದನ್ನು ಹಂಚಿದ ಇಲಾಖೆ, ಬ್ಯಾಂಕುಗಳದು ಅದಕ್ಕಿಂತ ಕಡಿಮೆಯೇನಲ್ಲ. ಯಾವ ಯಂತ್ರ ಯಾರ ಕೈಯಲ್ಲಿದೆ ಎಂಬ ಲೆಕ್ಕ ಇರುವುದು ಅವರ ಬಳಿಯೇ. ಬಳಕೆದಾರರ ಪಾಲು ಕೊನೆಯದು, ಅದೂ ಸುದ್ದಿ ಮುಟ್ಟಿದ ಮೇಲೆ.

ನಿಮ್ಮಲ್ಲಿ ಕೆಲವರು ಮೈಸೂರು, ಬೆಂಗಳೂರುಗಳಲ್ಲಿ ತಂತ್ರಾಂಶ ಬರೆಯುವಿರಿ, ಕೆಲವರು ಊರಲ್ಲೇ ಕಂಪ್ಯೂಟರ್ ಅಂಗಡಿ ತೆರೆಯುವಿರಿ. ನೀವು ಅಳವಡಿಸಿದ ಪ್ರತಿ ಯಂತ್ರದ ಪಟ್ಟಿ ಇಡಿ, ಅದನ್ನು ಹಳತಾಗಲು ಬಿಡಬೇಡಿ, ಎಚ್ಚರಿಕೆ ಬಂದ ದಿನವೇ ಆ ಯಂತ್ರ ಬಳಸುವವರಿಗೆ ಕನ್ನಡದಲ್ಲಿ ತಿಳಿಸಿ.