ಹೆಸರು ಹಾಕಲೇ ಮೇಡಂ?

ಗೆಳತಿಯರೇ, ವರದಕ್ಷಿಣೆ, ಹೊಡೆತ-ಬಡಿತದ ಮಾತಿನ ನಡುವೆ ಇವಳೇಕೆ ಪ್ರೇಮಕಾದಂಬರಿ ತಂದಳು ಎನ್ನಬೇಡಿ. ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ತನ್ನ ಮೊದಲ ಕಾದಂಬರಿಯ ಕರಡು ಹಿಡಿದು ಬಂದಳು. ಇಬ್ಬರು ಹುಡುಗಿಯರ ಪ್ರೇಮದ ಕಥೆ. ಮನೆಯಲ್ಲಿ ಅವಳಿಗೆ ಗಂಡು ಹುಡುಕುತ್ತಿದ್ದಾರೆ. "ಅಚ್ಚಿಗೆ ಕೊಡುವಾಗ ನನ್ನ ಹೆಸರೇ ಹಾಕಲೇ ಮೇಡಂ?" ಎಂದಳು.

ನನಗೆ ಅಮೆರಿಕದ ಪೆಟ್ರೀಷಿಯಾ ಹೈಸ್ಮಿತ್ ನೆನಪಾದಳು. ಇಂಥದೇ ಕಥೆ ಬರೆದಾಗ, ಅವಳ ಮೊದಲ ಕಾದಂಬರಿ ಪ್ರಕಟಿಸಿದ್ದವರೇ ಇದು ಬೇಡವೆಂದರು. 1952ರಲ್ಲಿ ಬೇರೆ ಪ್ರಕಾಶಕರಿಂದ 'ದಿ ಪ್ರೈಸ್ ಆಫ್ ಸಾಲ್ಟ್' ಬಂತು, ಕ್ಲೇರ್ ಮಾರ್ಗನ್ ಎಂಬ ಸುಳ್ಳು ಹೆಸರಿನಲ್ಲಿ. 'ಕ್ಯಾರಲ್' ಎಂದು ಸ್ವಂತ ಹೆಸರಲ್ಲಿ ಬಂದದ್ದು 1990ರಲ್ಲಿ. ಮೂವತ್ತೆಂಟು ವರ್ಷ!

ಅದರಲ್ಲಿ ಕ್ಯಾರಲ್‌ಳ ಗಂಡ ಪತ್ತೇದಾರನನ್ನು ಬೆನ್ನಟ್ಟಿಸುತ್ತಾನೆ, ಹೋಟೆಲ್ ಕೋಣೆಯ ಮಾತನ್ನು ಕದ್ದು ಧ್ವನಿಮುದ್ರಿಸಿಕೊಳ್ಳುತ್ತಾನೆ. ಮಗಳನ್ನು ನೋಡಬೇಕಾದರೆ ಗೆಳತಿಯನ್ನು ಬಿಡು ಎಂಬ ಷರತ್ತು. ಅವಳು ಒಪ್ಪುವುದಿಲ್ಲ, ಮಗಳು ತಂದೆಯ ಪಾಲಾಗುತ್ತಾಳೆ. "ಮಗೂನ ಕಿತ್ಕೋತೀನಿ" ಎಂಬ ಬೆದರಿಕೆ ಇಲ್ಲಿ ಕುಳಿತ ಯಾರಿಗೆ ಹೊಸದು? ಆದರೂ ಕೊನೆಯಲ್ಲಿ ಆ ಇಬ್ಬರು ಹೆಂಗಸರು ಸಾಯುವುದಿಲ್ಲ, ಒಂದಾಗುತ್ತಾರೆ. ಆಗಿನ ಇಂಥ ಕಥೆಗಳಲ್ಲಿ ಅದು ಅಪರೂಪ. ಓದಿದವರು ಕ್ಲೇರ್ ಮಾರ್ಗನ್‌ಗೆ ರಾಶಿ ರಾಶಿ ಕಾಗದ ಬರೆದರು.

ಇಷ್ಟು ವರ್ಷ ಇಂಗ್ಲಿಷ್ ಪಾಠ ಹೇಳಿದ ನಾನು ಈ ಪುಸ್ತಕವನ್ನು ಒಮ್ಮೆಯೂ ತರಗತಿಗೆ ಒಯ್ಯಲಿಲ್ಲ. ಹೆದರಿದ್ದೆ. ಹಾಗಾಗಿ ಹುಡುಗಿಗೆ ಧೈರ್ಯದ ಉಪದೇಶ ಮಾಡಲು ಬಾಯಿ ಬರಲಿಲ್ಲ. ಹೆಸರಿನ ಮಾತು ನೀನೇ ತೀರ್ಮಾನಿಸು, ಕರಡು ಸದ್ಯ ನನ್ನ ಮನೆಯಲ್ಲಿರಲಿ ಎಂದೆ. ಅವಳ ಅಲಮಾರಿಗೆ ಬೀಗವಿಲ್ಲ.